ಅಲಂಕಾರಿಕ ಪೊದೆಗಳ ಎಲೆಯಲ್ಲಿ ಆಂಟಿಆಕ್ಸಿಡೆಂಟ್ ಅಳೆಯುವ ಬಗೆ: ಕೊಯ್ಲಿನಿಂದ ಲೆಕ್ಕದವರೆಗೆ

ಒಂದೇ ದಾಸವಾಳ ಪೊದೆಯಿಂದ ಎರಡು ಸಲ ಎಲೆ ತಂದಿದ್ದೆ. ಮೊದಲ ಸಲದ್ದನ್ನು ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಿದೆ. ಎರಡನೇ ಸಲ ಬೇರೆ ಕೆಲಸ ಅಡ್ಡ ಬಂದು ಎಲೆಗಳು ಪ್ಲಾಸ್ಟಿಕ್ ಚೀಲದಲ್ಲೇ ಒಂದು ರಾತ್ರಿ ಕಳೆದವು. ಬೆಳಗ್ಗೆ ತೆಗೆದು ನೋಡಿದರೆ ಬೆವತು, ಅಂಚು ಕಪ್ಪಾಗಿದ್ದವು. ಅವನ್ನೇ ಒಣಗಿಸಿ ಅಳೆದಾಗ ಫಿನಾಲಿಕ್ ಅಂಶ, ಅಂದರೆ ಎಲೆಯ ಆಂಟಿಆಕ್ಸಿಡೆಂಟುಗಳ ದೊಡ್ಡ ಪಾಲು, ಎಷ್ಟೋ ಕೆಳಗಿಳಿದಿತ್ತು. ಉಪಕರಣ ಕೆಟ್ಟಿದೆಯೆಂದು ಎರಡು ದಿನ ಅದರ ಬೆನ್ನು ಹತ್ತಿದೆ, ದ್ರಾವಣಗಳನ್ನೆಲ್ಲ ಹೊಸದಾಗಿ ಮಾಡಿದೆ. ಅಂಕಿ ಅಲುಗಲಿಲ್ಲ. ಅಳೆಯಬೇಕಾದ ವಸ್ತುವಿನ ಒಂದು ಪಾಲು ಆ ಚೀಲದಲ್ಲೇ ಹಾಳಾಗಿಹೋಗಿತ್ತು.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕೊಯ್ಲು ಮತ್ತು ಒಣಗಿಸುವಿಕೆಗೆ ಉಪಕರಣಕ್ಕಿಂತ ಹೆಚ್ಚು ಜಾಗ ಸಿಕ್ಕರೆ ಬೇಸರಿಸಬೇಡಿ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಷ್ಟು ಸೌಕರ್ಯ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಎಲೆಯೊಳಗೆ ಏನನ್ನು ಹುಡುಕುತ್ತಿದ್ದೇವೆ

ದ್ಯುತಿಸಂಶ್ಲೇಷಣೆ ನಡೆಸುವ ಎಲೆಗೆ ಬಿಸಿಲು ಬೇಕು, ಹೆಚ್ಚಾದರೆ ಅದೇ ಬಿಸಿಲು ಕಂಟಕ. ಪತ್ರಹರಿತ್ತು ಹೀರಿಕೊಂಡ ಬೆಳಕು ಬಳಕೆಗಿಂತ ಮಿಕ್ಕಾಗ ಆಮ್ಲಜನಕದ ಉಗ್ರ ರೂಪಗಳು ಹುಟ್ಟಿ ಕೋಶದ ಪೊರೆ, ಪ್ರೋಟೀನುಗಳ ಮೇಲೆ ಎರಗುತ್ತವೆ. ಅವುಗಳಿಗೆ ಎಲೆಕ್ಟ್ರಾನನ್ನೋ ಹೈಡ್ರೋಜನ್ ಪರಮಾಣುವನ್ನೋ ಕೊಟ್ಟು ತಣಿಸಬಲ್ಲ ಸಂಯುಕ್ತಗಳೇ ಆಂಟಿಆಕ್ಸಿಡೆಂಟುಗಳು. ಎಲೆಯಲ್ಲಿ ಇವುಗಳಲ್ಲಿ ದೊಡ್ಡ ಪಾಲು ಫಿನಾಲಿಕ್ ವರ್ಗದ್ದು: ಗ್ಯಾಲಿಕ್, ಕ್ಲೋರೋಜೆನಿಕ್‌ನಂಥ ಆಮ್ಲಗಳು, ಕ್ವೆರ್ಸೆಟಿನ್, ಕೆಂಫೆರಾಲ್‌ನಂಥ ಫ್ಲೇವನಾಯ್ಡುಗಳು, ಒಗರು ಕೊಡುವ ಟ್ಯಾನಿನ್‌ಗಳು, ಕೆಂಪು-ನೇರಳೆ ಬಣ್ಣದ ಆಂಥೋಸಯನಿನ್‌ಗಳು. ಕ್ಯಾರೊಟಿನಾಯ್ಡುಗಳು ಮತ್ತು ವಿಟಮಿನ್ ಸಿ ಬೇರೆ ಜಾತಿಯವು, ಕೆಲಸ ಮಾತ್ರ ಹೆಚ್ಚುಕಡಿಮೆ ಅದೇ.

ಅಲಂಕಾರಿಕ ಪೊದೆಗಳು ಈ ಅಧ್ಯಯನಕ್ಕೆ ಚೆನ್ನಾಗಿ ಒಗ್ಗುತ್ತವೆ. ಎಲೆಯ ಬಣ್ಣ ನೋಡಿಯೇ ಮನುಷ್ಯ ಅವನ್ನು ಆರಿಸಿ ಬೆಳೆಸಿದ್ದಾನೆ. ಕ್ರೋಟನ್, ಕೆಂಪೆಲೆಯ ದಾಸವಾಳ, ಅಕಾಲಿಫಾ ಇವುಗಳಲ್ಲಿ ವರ್ಣಕಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗುಲಾಬಿ ಎಲೆಯಲ್ಲಿ ಟ್ಯಾನಿನ್ ಧಾರಾಳ. ಕತ್ತರಿಸಿ ಎಸೆಯುವ ಸೊಪ್ಪು ಎಲ್ಲೆಂದರಲ್ಲಿ ಸಿಗುತ್ತದೆ.

ಇದೇ ಪಟ್ಟಿಯಲ್ಲಿ ವಿಷದ ಗಿಡಗಳೂ ಇವೆ, ಅದನ್ನು ಮೊದಲೇ ಹೇಳಿಬಿಡಬೇಕು. ಕಣಗಿಲೆಯಲ್ಲಿ ಹೃದಯದ ಬಡಿತ ಕೆಡಿಸುವ ಓಲಿಯಾಂಡ್ರಿನ್, ಲಂಟಾನದಲ್ಲಿ ದನಕರುಗಳ ಯಕೃತ್ತನ್ನು ಹಾಳುಮಾಡುವ ಲಂಟಾಡೀನ್‌ಗಳು, ರೋಡೋಡೆಂಡ್ರಾನ್ ಎಲೆಯಲ್ಲಿ ಗ್ರಯಾನೋಟಾಕ್ಸಿನ್ ಇವೆ. ಕ್ರೋಟನ್ನಿನ ಹಾಲು ಚರ್ಮಕ್ಕೆ ತುರಿಕೆ ತರುತ್ತದೆ. ಇವುಗಳ ಎಲೆ ಪುಡಿ ಮಾಡುವಾಗ ಮುಖಗವಸು, ಕೈಗವಸು ಇರಲೇಬೇಕು. ಪುಡಿ ಮಾಡಿದ ಮಿಕ್ಸಿ ಜಾರ್ ಮತ್ತೆ ಅಡುಗೆಮನೆಗೆ ಹೋಗಕೂಡದು.

ಮೊದಲ ಹೆಜ್ಜೆ: ಎಲೆ ಕೊಯ್ಯುವುದು

ಪೊದೆಯ ಬಿಸಿಲು ಬೀಳುವ ಬದಿಯ ಎಲೆಗೂ ಒಳಗೆ ನೆರಳಿನಲ್ಲಿರುವ ಎಲೆಗೂ ಒಂದೇ ರಸಾಯನವಿಲ್ಲ. ನೇರಳಾತೀತ ಕಿರಣ ಬಿದ್ದಷ್ಟೂ ಎಲೆ ಫ್ಲೇವನಾಯ್ಡುಗಳನ್ನು ಹೆಚ್ಚು ಕಟ್ಟಿಕೊಳ್ಳುತ್ತದೆ. ಚಿಗುರು ಮತ್ತು ಬಲಿತ ಎಲೆಯ ನಡುವೆಯೂ ಅಂಥದೇ ಅಂತರ. ಹಲವು ಪೊದೆಗಳ ಚಿಗುರು ಕೆಂಪಗಿರುವುದೇ ಆಂಥೋಸಯನಿನ್‌ನಿಂದ, ಬಲಿಯುತ್ತ ಬಂದಂತೆ ಆ ಕೆಂಪು ಇಳಿಯುತ್ತದೆ. ಸಿಕ್ಕಸಿಕ್ಕ ಎಲೆ ಕಿತ್ತು ಬುಟ್ಟಿ ತುಂಬಿಸಿದರೆ ಕೊನೆಗೆ ಅಳೆಯುವುದು ನಿಮ್ಮ ಕೈ ಎತ್ತ ಹೋಯಿತು ಎಂಬುದನ್ನು.

ಒಂದು ನಿಯಮ ಮಾಡಿಕೊಂಡು ಅದಕ್ಕೆ ಅಂಟಿಕೊಳ್ಳಿ. ನನ್ನ ನಿಯಮ ಹೀಗಿದೆ: ಕೊಂಬೆಯ ತುದಿಯಿಂದ ಪೂರ್ತಿ ಬಿಚ್ಚಿದ ಮೂರನೆಯ, ನಾಲ್ಕನೆಯ, ಐದನೆಯ ಎಲೆ; ಎದೆಮಟ್ಟದ ಎತ್ತರ; ಬಿಸಿಲ ಬದಿ; ಇಬ್ಬನಿ ಆರಿದ ಮೇಲೆ, ಬೆಳಗ್ಗೆ 9ರಿಂದ 11ರೊಳಗೆ. ಹುಳ ತಿಂದ, ಚುಕ್ಕೆ ಬಿದ್ದ ಎಲೆ ಬೇಡ. ಗಾಯವಾದ ಎಲೆ ಫಿನಾಲಿಕ್‌ಗಳನ್ನು ಹೆಚ್ಚಿಸಿಕೊಂಡಿರಬಹುದು, ಅದು ಸುಮ್ಮನೆ ಗೊಂದಲ. ಔಷಧ ಸಿಂಪಡಿಸಿದ ಪೊದೆಯನ್ನು ಬಿಟ್ಟುಬಿಡಿ.

ಕನಿಷ್ಠ ಮೂರು, ಸಾಧ್ಯವಿದ್ದರೆ ಐದು ಬೇರೆ ಬೇರೆ ಗಿಡಗಳಿಂದ ತೆಗೆದು ಪ್ರತ್ಯೇಕ ಚೀಟಿ ಅಂಟಿಸಿ. ಒಂದೇ ಸಾರವನ್ನು ಮೂರು ಪ್ರನಾಳಕ್ಕೆ ಸುರಿದು ‘ಮೂರು ಮಾದರಿ’ ಎಂದು ಬರೆಯುವವರನ್ನು ಬಹಳ ನೋಡಿದ್ದೇನೆ. ಆ ಮೂರೂ ಹೊಂದಿಕೊಂಡರೆ ನಿಮ್ಮ ಪಿಪೆಟ್ ಹಿಡಿತ ಚೆನ್ನಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ಗಿಡದಿಂದ ಗಿಡಕ್ಕೆ ಎಷ್ಟು ವ್ಯತ್ಯಾಸವಿದೆ ಎಂಬುದು ತಿಳಿಯುವುದಿಲ್ಲ.

ಎಲೆ ಒಯ್ಯಲು ಕಾಗದದ ಅಥವಾ ಬಟ್ಟೆಯ ಚೀಲ. ಪ್ಲಾಸ್ಟಿಕ್ ಏಕೆ ಬೇಡ ಎಂದು ಮತ್ತೆ ಹೇಳಬೇಕಿಲ್ಲ.

ಎರಡನೇ ಹೆಜ್ಜೆ: ಒಣಗಿಸಿ ಪುಡಿ ಮಾಡುವುದು

ಎಲೆ ಕಪ್ಪಾಗುವುದರ ಹಿಂದೆ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಜೀವಂತ ಕೋಶದಲ್ಲಿ ಈ ಕಿಣ್ವ ಒಂದು ಕೋಣೆಯಲ್ಲಿ, ಫಿನಾಲಿಕ್‌ಗಳು ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಎಲೆ ಜಜ್ಜಿದಾಗ, ಬಾಡಿ ಬೆವತಾಗ ಗೋಡೆ ಒಡೆದು ಎರಡೂ ಸೇರುತ್ತವೆ, ಗಾಳಿಯ ಆಮ್ಲಜನಕದ ಜೊತೆ ಕಂದು ಬಣ್ಣದ ಸಂಯುಕ್ತಗಳಾಗುತ್ತವೆ. ಕತ್ತರಿಸಿಟ್ಟ ಸೇಬು ಕಂದಾಗುವುದೂ ಹೀಗೆಯೇ. ನೀರು ಬೇಗ ಹೋದರೆ ಕಿಣ್ವಕ್ಕೆ ಕೆಲಸ ಮಾಡಲು ಅವಕಾಶವಿಲ್ಲ, ನಿಧಾನವಾದಷ್ಟೂ ನಷ್ಟ.

ಕೆಲಸದ ಕ್ರಮ ಇದು. ಎಲೆಗಳನ್ನು ನೀರಿನಲ್ಲಿ ಒಮ್ಮೆ ಅದ್ದಿ ಧೂಳು ಕಳೆಯಿರಿ, ನೆನೆಸಿಡಬೇಡಿ. ಬಟ್ಟೆಯಿಂದ ಒತ್ತಿ ಒರಸಿ. ಕಣಗಿಲೆ, ಕ್ರೋಟನ್‌ನಂಥ ದಪ್ಪ ಎಲೆಯಾದರೆ ತೊಟ್ಟು ಮತ್ತು ನಡುನರ ತೆಗೆದುಬಿಡಿ, ಇಲ್ಲವಾದರೆ ಅಂಚು ಗರಿಗರಿಯಾದರೂ ನರ ಹಸಿಯಾಗಿ ಉಳಿಯುತ್ತದೆ. ಜಾಲರಿಯ ಮೇಲೆ ಒಂದೇ ಪದರವಾಗಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಹರಡಿ. ಓವನ್ ಇದ್ದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ದಿನ. ಬಿಸಿಲಿಗೆ ಇಡಬೇಡಿ. ಫ್ರೀಜ್ ಡ್ರೈಯರ್ (ಹೆಪ್ಪುಗಟ್ಟಿಸಿ ನೀರು ತೆಗೆಯುವ ಯಂತ್ರ) ಸಿಗುವ ಅದೃಷ್ಟವಂತರು ಈ ಪರಿಚ್ಛೇದವನ್ನೇ ಮರೆಯಬಹುದು.

ಮಡಿಸಿದರೆ ಎಲೆ ‘ಪಟ್’ ಎಂದು ಮುರಿಯಬೇಕು. ಬಾಗಿದರೆ ಇನ್ನೂ ನೀರಿದೆ. ಒಣಗಿದ ಮೇಲೂ ಎಲೆಯಲ್ಲಿ ಒಂದು ಮಟ್ಟಿಗೆ ಹಸಿರೋ ಕೆಂಪೋ ಉಳಿದಿದ್ದರೆ ಮುಂದುವರಿಯಿರಿ. ಕಂದಾಗಿದ್ದರೆ ಗೊಬ್ಬರದ ಗುಂಡಿಗೆ ಹಾಕಿ ಮತ್ತೆ ಕೊಯ್ಯಿರಿ.

ಪುಡಿ ಮಾಡುವಾಗ ಮಿಕ್ಸಿಯನ್ನು ಬಿಟ್ಟು ಬಿಟ್ಟು ಓಡಿಸಿ, ಬಿಸಿಯಾಗಬಾರದು. ಸುಮಾರು 0.4 ಮಿ.ಮೀ. ಕಣ್ಣಿನ ಜರಡಿ ಹಿಡಿದು ಗಾಳಿಯಾಡದ ಕಂದು ಬಾಟಲಿಯಲ್ಲಿ ತಂಪಾದ ಕತ್ತಲಲ್ಲಿ ಇಡಿ. ಇದರಲ್ಲಿ 2 ಗ್ರಾಂ ಪುಡಿಯನ್ನು ಬೇರೆ ತೆಗೆದು 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವ ತನಕ ಕಾಯಿಸಿ, ಉಳಿದ ತೇವಾಂಶ ಎಷ್ಟೆಂದು ಲೆಕ್ಕ ಹಾಕಿ. ಕಾಯಿಸಿದ ಪುಡಿಯ ಕೆಲಸ ಅಲ್ಲಿಗೆ ಮುಗಿಯಿತು, ಅದನ್ನು ಪರೀಕ್ಷೆಗೆ ಬಳಸಬೇಡಿ.

ಮೂರನೇ ಹೆಜ್ಜೆ: ಸಾರ ತೆಗೆಯುವುದು

ದ್ರಾವಕ ಬದಲಾದರೆ ಅಂಕಿಯೂ ಬದಲಾಗುತ್ತದೆ. ಬರೀ ನೀರು ಸಕ್ಕರೆ, ಲೋಳೆ, ಪ್ರೋಟೀನ್ ಎಲ್ಲವನ್ನೂ ಎಳೆದು ತರುತ್ತದೆ. ಬರೀ ಆಲ್ಕೋಹಾಲ್ ಪತ್ರಹರಿತ್ತು, ಮೇಣ ಇವನ್ನು ಹೆಚ್ಚು ಕರಗಿಸುತ್ತದೆ. ಎಲೆಯ ಫ್ಲೇವನಾಯ್ಡುಗಳು ಬಹುಪಾಲು ಸಕ್ಕರೆಯ ಅಣುವನ್ನು ಬೆನ್ನಿಗೆ ಕಟ್ಟಿಕೊಂಡಿರುವುದರಿಂದ ಎರಡರ ಮಿಶ್ರಣವೇ ಅವುಗಳಿಗೆ ಹಿತ. 70ರಿಂದ 80 ಶೇಕಡಾ ಎಥನಾಲ್ ಸಾಮಾನ್ಯ ಕೆಲಸಕ್ಕೆ ಸಾಕು. ಮೆಥನಾಲ್ ಕೂಡ ಚೆನ್ನಾಗಿ ಎಳೆಯುತ್ತದೆ, ಆದರೆ ಅದರ ಆವಿ ವಿಷ. ದಾಸವಾಳದ ಎಲೆಗೆ ಆಲ್ಕೋಹಾಲ್ ಪ್ರಮಾಣವನ್ನು 70ಕ್ಕಿಂತ ಇಳಿಸಬೇಡಿ. ಇಳಿಸಿದರೆ ಲೋಳೆ ಬಿಟ್ಟುಕೊಂಡು ಸೋಸು ಕಾಗದದ ಮೇಲೆ ದ್ರವ ಗಂಟೆಗಟ್ಟಲೆ ಕೂತಿರುತ್ತದೆ.

1 ಗ್ರಾಂ ಪುಡಿಗೆ 20 ಮಿ.ಲೀ. ದ್ರಾವಕ ಹಾಕಿ, ಮುಚ್ಚಿ, ಕತ್ತಲಲ್ಲಿ ಆಗಾಗ ಅಲುಗಿಸುತ್ತ 24 ಗಂಟೆ ಇಡಿ. ಅಲ್ಟ್ರಾಸಾನಿಕ್ ತೊಟ್ಟಿ ಇದ್ದರೆ 30 ನಿಮಿಷ ಸಾಕು, ನೀರು 40 ಡಿಗ್ರಿ ಮೀರದಂತೆ ನೋಡಿಕೊಳ್ಳಿ. ಸೋಸಿ, ಉಳಿದ ಗಸಿಗೆ ಮತ್ತೆ 20 ಮಿ.ಲೀ. ಹಾಕಿ ಇನ್ನೊಮ್ಮೆ ತೆಗೆಯಿರಿ. ಎರಡನ್ನೂ ಸೇರಿಸಿ ಅದೇ ದ್ರಾವಕದಿಂದ ಸರಿಯಾಗಿ 50 ಮಿ.ಲೀ.ಗೆ ತನ್ನಿ. ಈ 50 ಎಂಬ ಸಂಖ್ಯೆ ಮುಂದೆ ಲೆಕ್ಕದಲ್ಲಿ ಬರುತ್ತದೆ.

ಸಾರದಲ್ಲಿ ಘನಾಂಶ ಎಷ್ಟಿದೆ ಎಂದು ಈಗಲೇ ತಿಳಿದುಕೊಳ್ಳಿ. ತೂಗಿಟ್ಟ ಗಾಜಿನ ತಟ್ಟೆಯಲ್ಲಿ 5 ಮಿ.ಲೀ. ಸಾರವನ್ನು ಆವಿಮಾಡಿ ಮತ್ತೆ ತೂಗಿ. 30 ಮಿ.ಗ್ರಾಂ ಉಳಿದರೆ ಸಾರದ ಸಾಂದ್ರತೆ ಪ್ರತಿ ಮಿ.ಲೀ.ಗೆ 6 ಮಿ.ಗ್ರಾಂ. ಆಲ್ಕೋಹಾಲ್ ಆವಿಮಾಡುವಾಗ ಹತ್ತಿರ ಬೆಂಕಿ ಇರಬಾರದು. ಉಳಿದ ಸಾರ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಕೆಲವು ದಿನ ಇರುತ್ತದೆ, ಆದರೂ ಅದೇ ವಾರ ಅಳೆದು ಮುಗಿಸುವುದು ಜಾಣತನ.

ನಾಲ್ಕನೇ ಹೆಜ್ಜೆ: ಬಣ್ಣದ ಪರೀಕ್ಷೆಗಳು

ಅಳತೆಗೆ ಇಳಿಯುವ ಮೊದಲು ಏನೇನಿದೆ ಎಂದು ಸ್ಥೂಲವಾಗಿ ನೋಡಿಬಿಡಿ, ಅರ್ಧ ದಿನದ ಕೆಲಸ. ಟ್ಯಾನಿನ್‌ಗೆ ಫೆರಿಕ್ ಕ್ಲೋರೈಡ್ ಎರಡು ಹನಿ: ನೀಲಿ-ಕಪ್ಪು ಬಂದರೆ ಗ್ಯಾಲಿಕ್ ಆಮ್ಲದ ಬಗೆಯದು, ಹಸಿರು-ಕಪ್ಪು ಬಂದರೆ ಕ್ಯಾಟೆಚಿನ್ ಕೊಂಡಿಗಳದು. ಆಲ್ಕೋಹಾಲ್ ಸಾರ ಮೊದಲೇ ಹಸಿರಾಗಿರುವುದರಿಂದ ಈ ಪರೀಕ್ಷೆಯನ್ನು ಬಿಸಿನೀರಿನ ಸಾರದಲ್ಲಿ ಮಾಡಿ, ಪತ್ರಹರಿತ್ತು ನೀರಿಗೆ ಬರುವುದಿಲ್ಲ. ಅದೇ ನೀರಿನ ಸಾರವನ್ನು ಜೋರಾಗಿ ಕುಲುಕಿ, ನೊರೆ ಹತ್ತು ಹದಿನೈದು ನಿಮಿಷ ನಿಂತರೆ ಸಪೋನಿನ್ ಇರುವ ಸೂಚನೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ ಗಾಢ ಹಳದಿ ಬಂದು, ಆಮ್ಲ ಹಾಕಿದಾಗ ಮಾಯವಾದರೆ ಫ್ಲೇವನಾಯ್ಡ್.

ಫ್ಲೇವನಾಯ್ಡ್‌ಗೆ ಇನ್ನೊಂದು ಹೆಸರಾಂತ ಪರೀಕ್ಷೆ ಶಿನೋಡಾ ಅವರದು: ಮೆಗ್ನೀಷಿಯಂ ಚೂರು ಮತ್ತು ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಗುಲಾಬಿ-ಕೆಂಪು. ಕೆಂಪೆಲೆಯ ಪೊದೆಗಳಲ್ಲಿ ಇದು ಮೋಸ ಮಾಡುತ್ತದೆ. ಆಂಥೋಸಯನಿನ್ ಬರೀ ಆಮ್ಲ ಕಂಡರೂ ಕೆಂಪಾಗುತ್ತದೆ. ಆದ್ದರಿಂದ ಮೆಗ್ನೀಷಿಯಂ ಇಲ್ಲದ, ಆಮ್ಲ ಮಾತ್ರ ಇರುವ ಪ್ರನಾಳವೊಂದನ್ನು ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಿ.

ಐದನೇ ಹೆಜ್ಜೆ: ಒಟ್ಟು ಫಿನಾಲಿಕ್ ಅಂಶ

ಫಾಲಿನ್ ಮತ್ತು ಸಿಯೊಕಾಲ್ಟು 1927ರಲ್ಲಿ ಪ್ರಕಟಿಸಿದ ಕಾರಕವನ್ನು ಸಿಂಗಲ್ಟನ್ ಮತ್ತು ರೋಸಿ 1965ರಲ್ಲಿ ದ್ರಾಕ್ಷಾರಸದ ಫಿನಾಲಿಕ್‌ಗಳನ್ನು ಅಳೆಯಲು ಒಗ್ಗಿಸಿದರು. ಇಂದಿಗೂ ಬಹುಮಂದಿ ಬಳಸುವುದು ಅದನ್ನೇ. ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಂ ಇರುವ ಈ ಹಳದಿ ದ್ರಾವಣ ಎಲೆಕ್ಟ್ರಾನ್ ಪಡೆದಾಗ ನೀಲಿಯಾಗುತ್ತದೆ. ಬಾಟಲಿಯಲ್ಲೇ ಹಸಿರು ಛಾಯೆ ಕಂಡರೆ ಅದು ಕೆಟ್ಟಿದೆ.

ಗ್ಯಾಲಿಕ್ ಆಮ್ಲ 100 ಮಿ.ಗ್ರಾಂ ತೂಗಿ, ಸ್ವಲ್ಪ ಎಥನಾಲ್‌ನಲ್ಲಿ ಕರಗಿಸಿ, ನೀರಿನಿಂದ 100 ಮಿ.ಲೀ. ಮಾಡಿ. ಇದರಿಂದ 2, 4, 6, 8, 10 ಮಿ.ಲೀ. ತೆಗೆದು ತಲಾ 100 ಮಿ.ಲೀ.ಗೆ ಹಿಗ್ಗಿಸಿದರೆ ಪ್ರತಿ ಮಿ.ಲೀ.ಗೆ 20ರಿಂದ 100 ಮೈಕ್ರೋಗ್ರಾಂ ತನಕದ ಐದು ಮಾನಕಗಳು, ಅಂದರೆ ಪ್ರಮಾಣ ಗೊತ್ತಿರುವ ಹೋಲಿಕೆಯ ದ್ರಾವಣಗಳು, ಸಿದ್ಧ. ಎಲೆಯ ಸಾರವನ್ನು 20 ಪಟ್ಟು ತೆಳುಮಾಡಿ.

ಪ್ರತಿ ಪ್ರನಾಳಕ್ಕೆ 0.5 ಮಿ.ಲೀ. ಮಾನಕ ಅಥವಾ ಸಾರ, ಅದಕ್ಕೆ ಹತ್ತು ಪಟ್ಟು ತೆಳುಮಾಡಿದ ಕಾರಕ 2.5 ಮಿ.ಲೀ. ಐದು ನಿಮಿಷ ಬಿಟ್ಟು 7.5 ಶೇಕಡಾ ಸೋಡಿಯಂ ಕಾರ್ಬೊನೇಟ್ 2 ಮಿ.ಲೀ. ಈ ಅನುಕ್ರಮ ತಿರುವುಮುರುವು ಆಗಬಾರದು. ಕ್ಷಾರದಲ್ಲಿ ಕಾರಕ ಬೇಗ ಹಾಳಾಗುತ್ತದೆ, ಆದ್ದರಿಂದ ಕ್ಷಾರ ಬರುವ ಹೊತ್ತಿಗೆ ಫಿನಾಲಿಕ್‌ಗಳು ಅದರ ಪಕ್ಕದಲ್ಲಿ ಹಾಜರಿರಬೇಕು. ಕತ್ತಲಲ್ಲಿ ಒಂದು ಗಂಟೆ ಇಟ್ಟು 765 ನ್ಯಾನೋಮೀಟರ್‌ನಲ್ಲಿ ಓದಿ. ಎರಡು ಗಂಟೆ ಇಡುವವರೂ ಇದ್ದಾರೆ, ಎಲ್ಲ ಪ್ರನಾಳಕ್ಕೂ ಒಂದೇ ಅವಧಿ ಇರಲಿ. ಫಿಲ್ಟರ್ ಬಳಸುವ ಸರಳ ಕಲರಿಮೀಟರ್ ಮಾತ್ರ ಇದ್ದರೆ ಕೆಂಪು ಫಿಲ್ಟರ್‌ನಲ್ಲಿ ಕೆಲಸ ನಡೆಯುತ್ತದೆ, ಸೂಕ್ಷ್ಮತೆ ತುಸು ಕಡಿಮೆ.

ಲೆಕ್ಕಕ್ಕೆ ಒಂದು ಉದಾಹರಣೆ. ಮಾನಕಗಳ ಸಾಂದ್ರತೆಗೆ ಎದುರಾಗಿ ಅವುಗಳ ಓದನ್ನು ಗುರುತಿಸಿ ಎಳೆದ ಮಾನಕ ರೇಖೆಯಿಂದ ತೆಳುವಾದ ಸಾರದಲ್ಲಿ ಪ್ರತಿ ಮಿ.ಲೀ.ಗೆ 62 ಮೈಕ್ರೋಗ್ರಾಂ ಬಂತು ಎನ್ನಿ. 20ರಿಂದ ಗುಣಿಸಿದರೆ ಮೂಲ ಸಾರದಲ್ಲಿ ಪ್ರತಿ ಮಿ.ಲೀ.ಗೆ 1.24 ಮಿ.ಗ್ರಾಂ. ಒಟ್ಟು 50 ಮಿ.ಲೀ.ಯಲ್ಲಿ 62 ಮಿ.ಗ್ರಾಂ, ಅಂದರೆ 1 ಗ್ರಾಂ ಪುಡಿಗೆ 62. ಪುಡಿಯಲ್ಲಿ 8 ಶೇಕಡಾ ತೇವ ಇದ್ದಿದ್ದರೆ ನಿಜವಾದ ಒಣ ಭಾಗ 0.92 ಗ್ರಾಂ, 62ನ್ನು 0.92ರಿಂದ ಭಾಗಿಸಿದರೆ 67.4. ಒಣ ಎಲೆಯ ಪ್ರತಿ ಗ್ರಾಂಗೆ 67.4 ಮಿ.ಗ್ರಾಂ ಗ್ಯಾಲಿಕ್ ಆಮ್ಲಕ್ಕೆ ಸಮಾನ ಎಂದು ಬರೆಯಿರಿ.

‘ಒಟ್ಟು ಫಿನಾಲಿಕ್’ ಎಂಬ ಹೆಸರು ನನಗೆ ಅಷ್ಟು ಒಪ್ಪಿಗೆಯಿಲ್ಲ. ವಿಟಮಿನ್ ಸಿ, ಕೆಲವು ಸಕ್ಕರೆಗಳು, ಪ್ರೋಟೀನಿನ ಟೈರೋಸಿನ್ ಕೂಡ ಈ ಕಾರಕವನ್ನು ನೀಲಿ ಮಾಡುತ್ತವೆ. ಎಲೆಕ್ಟ್ರಾನ್ ಕೊಡುವವರೆಲ್ಲರ ತಲೆ ಎಣಿಸುವ ಪರೀಕ್ಷೆ ಇದು. ಹೋಲಿಕೆಗೆ ಉತ್ತಮ, ಪರಮ ಸತ್ಯವೆಂದು ನಂಬಲು ಅಲ್ಲ.

ಆರನೇ ಹೆಜ್ಜೆ: ಡಿಪಿಪಿಎಚ್

ಡಿಪಿಪಿಎಚ್ ತನ್ನಷ್ಟಕ್ಕೆ ಸ್ಥಿರವಾಗಿ ಕೂರುವ ಅಪರೂಪದ ಫ್ರೀ ರ‍್ಯಾಡಿಕಲ್, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣು. ಕಡುನೇರಳೆ ಬಣ್ಣದ್ದು. ಆಂಟಿಆಕ್ಸಿಡೆಂಟ್ ಅದಕ್ಕೆ ಹೈಡ್ರೋಜನ್ ಕೊಟ್ಟರೆ ಹಳದಿಗೆ ತಿರುಗುತ್ತದೆ. ಇದನ್ನು ಆಂಟಿಆಕ್ಸಿಡೆಂಟ್ ಅಳತೆಗೆ ಬಳಸುವ ದಾರಿಯನ್ನು ಬ್ಲೋಯಿಸ್ 1958ರಲ್ಲಿ ತೋರಿಸಿದರು.

ಬೇಕಾದ್ದು 0.1 ಮಿಲಿಮೋಲಾರ್ ದ್ರಾವಣ, ಅಂದರೆ 100 ಮಿ.ಲೀ. ಮೆಥನಾಲ್‌ಗೆ 3.94 ಮಿ.ಗ್ರಾಂ. ಅಷ್ಟು ಸಣ್ಣ ತೂಕ ನಿಖರವಾಗಿ ಬರುವುದು ಕಷ್ಟ. 39.4 ಮಿ.ಗ್ರಾಂ ಕರಗಿಸಿ ಆಮೇಲೆ ಹತ್ತು ಪಟ್ಟು ತೆಳುಮಾಡಿ. ಬಾಟಲಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ, ಅದೇ ದಿನ ಬಳಸಿ.

ಸಾರವನ್ನು ಪ್ರತಿ ಮಿ.ಲೀ.ಗೆ 10, 20, 40, 60, 80, 100 ಮೈಕ್ರೋಗ್ರಾಂ ಆಗುವಂತೆ ತೆಳುಮಾಡಿ. ಪ್ರತಿಯೊಂದರ 1 ಮಿ.ಲೀ.ಗೆ ಡಿಪಿಪಿಎಚ್ 3 ಮಿ.ಲೀ. ಬೆರೆಸಿ ಕತ್ತಲಲ್ಲಿ 30 ನಿಮಿಷ ಇಟ್ಟು 517 ನ್ಯಾನೋಮೀಟರ್‌ನಲ್ಲಿ ಓದಿ. ಸಾರದ ಬದಲು ದ್ರಾವಕವನ್ನಷ್ಟೇ ಹಾಕಿದ ಪ್ರನಾಳ ನಿಯಂತ್ರಕ. ನಿಯಂತ್ರಕದ ಓದಿನಿಂದ ಮಾದರಿಯ ಓದನ್ನು ಕಳೆದು, ನಿಯಂತ್ರಕದಿಂದ ಭಾಗಿಸಿ, 100ರಿಂದ ಗುಣಿಸಿದರೆ ಶೇಕಡಾವಾರು ತಡೆ. ಅರ್ಧದಷ್ಟು ಬಣ್ಣ ಇಳಿಸಲು ಬೇಕಾದ ಸಾಂದ್ರತೆಯೇ ಐಸಿ50. ಈ ಅಂಕಿ ಸಣ್ಣದಾದಷ್ಟೂ ಸಾರ ಬಲವಾದದ್ದು. ತಲೆಕೆಳಗಾಗಿ ಓದಿ ದುರ್ಬಲ ಎಲೆಗೆ ಮೊದಲ ಸ್ಥಾನ ಕೊಟ್ಟವರುಂಟು. ಆಸ್ಕಾರ್ಬಿಕ್ ಆಮ್ಲವನ್ನೂ ಅದೇ ದಿನ ಅದೇ ದ್ರಾವಣದಲ್ಲಿ ಅಳೆದು ಪಕ್ಕದಲ್ಲಿ ಬರೆಯಿರಿ.

ಇಲ್ಲಿ ಎರಡು ಗುಂಡಿಗಳಿವೆ. ಒಂದು, ಸಾಂದ್ರತೆ ಯಾವುದೆಂದು ಹೇಳದಿರುವುದು. 1 ಮಿ.ಲೀ. ಸಾರ 4 ಮಿ.ಲೀ. ಮಿಶ್ರಣದಲ್ಲಿ ಸೇರಿದಾಗ ನಾಲ್ಕು ಪಟ್ಟು ತೆಳುವಾಗುತ್ತದೆ. ಬೆರೆಸುವ ಮುಂಚಿನದ್ದೋ ನಂತರದ್ದೋ ಬರೆಯದಿದ್ದರೆ ಇಬ್ಬರ ಐಸಿ50 ನಾಲ್ಕು ಪಟ್ಟು ಬೇರೆಯಾಗಿ ಕಂಡರೂ ಎಲೆ ಒಂದೇ ಇರಬಹುದು.

ಎರಡನೆಯದು ಮತ್ತೆ ಕೆಂಪೆಲೆಗೇ ಸಂಬಂಧಿಸಿದ್ದು. ಆಂಥೋಸಯನಿನ್ ಬೆಳಕು ಹೀರುವುದು 520ರ ಆಸುಪಾಸಿನಲ್ಲಿ, ನಾವು ಓದುವುದು 517ರಲ್ಲಿ. ಎಲೆಯ ಕೆಂಪನ್ನು ಉಪಕರಣ ‘ಡಿಪಿಪಿಎಚ್ ಇನ್ನೂ ಉಳಿದಿದೆ’ ಎಂದು ಲೆಕ್ಕ ಹಿಡಿಯುತ್ತದೆ. ಹೀಗಾಗಿ ಪ್ರತಿ ಸಾಂದ್ರತೆಗೂ ಡಿಪಿಪಿಎಚ್ ಬದಲು ಮೆಥನಾಲ್ ಹಾಕಿದ ಇನ್ನೊಂದು ಪ್ರನಾಳ ಇಡಿ. ನಿಯಂತ್ರಕ 0.820, ಮಾದರಿ 0.410 ಇದ್ದರೆ ತಡೆ 50 ಶೇಕಡಾ. ಸಾರದ ಸ್ವಂತ ಬಣ್ಣವೇ 0.060 ಎಂದು ಗೊತ್ತಾದರೆ ಮಾದರಿಯ ನಿಜವಾದ ಓದು 0.350, ತಡೆ 57 ಶೇಕಡಾ.

ಕೆಂಪು ವರ್ಣಕವನ್ನೇ ಅಳೆಯಬೇಕೆಂದರೆ ಆಮ್ಲ ಬೆರೆಸಿದ ಆಲ್ಕೋಹಾಲ್‌ನಲ್ಲಿ ಬೇರೆ ಸಾರ ತೆಗೆದು, ಪಿಎಚ್ 1.0 ಮತ್ತು 4.5ರ ಎರಡು ಬಫರ್‌ಗಳಲ್ಲಿ (ಪಿಎಚ್ ಕದಲದಂತೆ ಹಿಡಿದಿಡುವ ದ್ರಾವಣಗಳಲ್ಲಿ) 520 ಮತ್ತು 700 ನ್ಯಾನೋಮೀಟರ್‌ನಲ್ಲಿ ಓದಬೇಕು. ಮೊದಲನೆಯದರಲ್ಲಿ ಆಂಥೋಸಯನಿನ್ ಕೆಂಪು, ಎರಡನೆಯದರಲ್ಲಿ ಬಹುತೇಕ ಬಣ್ಣಹೀನ. ಆ ವ್ಯತ್ಯಾಸವೇ ಅಳತೆ. ಬೋಗನ್‌ವಿಲ್ಲಾದ ಬಣ್ಣದ ಪುಷ್ಪಪತ್ರಗಳಿಗೆ ಇದು ನಡೆಯದು. ಅಲ್ಲಿನ ಬಣ್ಣ ಬೀಟಾಲೈನ್ ಎಂಬ ಬೇರೆಯದೇ ಕುಲದ್ದು. ಆಂಥೋಸಯನಿನ್ ಮತ್ತು ಬೀಟಾಲೈನ್ ಒಂದೇ ಗಿಡದಲ್ಲಿ ಒಟ್ಟಿಗೆ ಇರುವುದನ್ನು ಸಸ್ಯಶಾಸ್ತ್ರಜ್ಞರು ಕಂಡಿಲ್ಲ.

ಅಂಕಿ ಬಂದ ಮೇಲೆ

ಈ ಪರೀಕ್ಷೆಗಳೆಲ್ಲ ಗಾಜಿನ ಪ್ರನಾಳದಲ್ಲಿ ಮುಗಿಯುತ್ತವೆ. ಸಾರ ಕರುಳಿನಲ್ಲಿ ಹೀರಲ್ಪಡುತ್ತದೆಯೇ, ಯಕೃತ್ತು ಅದನ್ನು ಏನು ಮಾಡುತ್ತದೆ ಎಂಬುದರ ಬಗ್ಗೆ ಅವು ಮೌನ. ಆಹಾರಗಳ ಇಂಥ ಪ್ರನಾಳದ ಅಂಕಿಗಳ ದೊಡ್ಡ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಅವು ದೇಹದೊಳಗಿನ ಪರಿಣಾಮವನ್ನು ಹೇಳುವುದಿಲ್ಲ, ಜಾಹೀರಾತುಗಳಲ್ಲಿ ದುರ್ಬಳಕೆಯಾಗುತ್ತಿವೆ ಎಂಬುದೇ ಕಾರಣ. ಲಂಟಾನದ ಎಲೆ ಡಿಪಿಪಿಎಚ್ ಬಣ್ಣವನ್ನು ಚೆನ್ನಾಗಿ ಇಳಿಸಿದ ಮಾತ್ರಕ್ಕೆ ಯಾರೂ ಅದರ ಕಷಾಯ ಕುಡಿಯಬೇಕಿಲ್ಲ.

ಟಿಪ್ಪಣಿ ಪುಸ್ತಕದಲ್ಲಿ ಬರೀ ‘ದಾಸವಾಳ: 67.4’ ಎಂದಿದ್ದರೆ ಅದರಿಂದ ಉಪಯೋಗವಿಲ್ಲ. ತಳಿ, ಎಲೆಯ ಸ್ಥಾನ, ಕೊಯ್ದ ದಿನಾಂಕ ಮತ್ತು ಹೊತ್ತು, ಒಣಗಿಸಿದ ಬಗೆ, ದ್ರಾವಕ, ಗಿಡಗಳ ಸಂಖ್ಯೆ, ಗಿಡದಿಂದ ಗಿಡಕ್ಕೆ ಕಂಡ ಏರಿಳಿತ, ಇಷ್ಟೂ ಅದೇ ಸಾಲಿನಲ್ಲಿ ಇರಲಿ. ಮೆಥನಾಲ್, ಡಿಪಿಪಿಎಚ್, ಫಾಲಿನ್ ಕಾರಕದ ಉಳಿಕೆಗಳನ್ನು ತೊಟ್ಟಿಗೆ ಸುರಿಯದೆ ಚೀಟಿ ಅಂಟಿಸಿದ ತ್ಯಾಜ್ಯದ ಬಾಟಲಿಗಳಿಗೆ ಹಾಕಿ, ಆಮ್ಲಕ್ಕೂ ಆಲ್ಕೋಹಾಲ್‌ಗೂ ಬೇರೆ ಬೇರೆ. ಪ್ರತಿ ಗಿಡದ ಎಲೆಪುಡಿಯಲ್ಲಿ ಐದು ಗ್ರಾಂನಷ್ಟನ್ನು ಮುಚ್ಚಿ, ದಿನಾಂಕ ಬರೆದು ಫ್ರೀಜರ್‌ಗೆ ಸೇರಿಸಿ. ಮುಂದಿನ ಕೊಯ್ಲಿನ ಅಂಕಿ ಹೊಂದದೆ ಹೋದರೆ ಮೊದಲು ತೆರೆಯಬೇಕಾದದ್ದು ಆ ಪೊಟ್ಟಣವನ್ನು.